ಎಂಬತ್ತೇಳು ಕಡೆ ನನ್ನ ನಂಬರು

ನಮ್ಮಪ್ಪನ ಹೊಲಿಗೆ ಮಷಿನ್ ರಿಪೇರಿ ಅಂಗಡಿಯನ್ನು ಎಂಬತ್ತೇಳು ವೆಬ್ ಡೈರೆಕ್ಟರಿಗಳಿಗೆ ಸೇರಿಸಿದವಳು ನಾನು. ಅಣ್ಣ ಮಾಡಿದ್ದಿಷ್ಟೇ: ಯಾರ ಕೈಲೋ ಒಂದು ವೆಬ್‌ಸೈಟ್ ಮಾಡಿಸಿ, ಅದರಲ್ಲಿ ತನ್ನ ಫೋಟೊ ಹಾಕಿಸಿಕೊಂಡು, ಗಿರಾಕಿಗಳು ಈಗ ಬಂದಾರು, ಆಗ ಬಂದಾರು ಎಂದು ಬಾಗಿಲು ನೋಡುತ್ತ ಕೂತಿದ್ದ. ಅಂಥದ್ದೊಂದು ಸೈಟ್ ಇದೆ ಎಂದು ಯಾರಿಗೂ ಗೊತ್ತಿಲ್ಲದ ಮೇಲೆ ಯಾರು ಬರುತ್ತಾರೆ, ಅವನ ತಲೆ!

ಡೈರೆಕ್ಟರಿ ಎಂದರೆ ಯಾವ ಕೆಲಸಕ್ಕೆ ಯಾರಿದ್ದಾರೆ ಎಂದು ಪಟ್ಟಿ ಮಾಡಿಡುವ ಜಾಗ. ಅದಕ್ಕೆ ಸೇರಿಸುವುದು ಬಾಯಿಮಾತಲ್ಲ. ಒಂದೊಂದಕ್ಕೂ ಬೇರೆ ಫಾರ್ಮು, ಬೇರೆ ಪಾಸ್‌ವರ್ಡು. ಒಂದು ಕಡೆ ಬರೆದ ಪರಿಚಯವನ್ನೇ ಇನ್ನೊಂದು ಕಡೆ ಹಾಕಿದರೆ ಮುಖಕ್ಕೆ ಹೊಡೆದಂತೆ ವಾಪಸ್ ಕಳಿಸುತ್ತಾರೆ. ಹಾಗಾಗಿ ಅಪ್ಪನ ಕೆಲಸವನ್ನು ಎಂಬತ್ತೇಳು ಥರದಲ್ಲಿ ಹೊಗಳಿದ್ದೇನೆ. ಎಷ್ಟೋ ಕಡೆ ಹೊಲಿಗೆ ಮಷಿನ್ನಿಗೆಂದು ವಿಭಾಗವೇ ಇರಲಿಲ್ಲ. ಒಂದರಲ್ಲಿ ಬೇರೆ ದಾರಿ ಕಾಣದೆ 'ಫ್ಯಾಷನ್' ಎಂದು ಒತ್ತಿದೆ.

ಎಣ್ಣೆ ಮೆತ್ತಿದ ಬನಿಯನ್ನಿನಲ್ಲಿ ಕೂತಿದ್ದ ಅಪ್ಪ ನಕ್ಕುಬಿಟ್ಟ. "ಹಾಗಾದ್ರೆ ನಾಳೆಯಿಂದ ಮೀಸೆ ಬಾಚ್ಕೊಂಡು ಬರ್ತೀನಿ ಬಿಡು, ಪುಟ್ಟಿ."

ಫಾರ್ಮು ತುಂಬಿದ ಮೇಲೆ ಅವರಿಂದ ಒಂದು ಫೋನ್ ಬರುತ್ತದೆ. ಎತ್ತಿ, ಅದು ಹೇಳುವ ಅಂಕಿಗಳನ್ನು ಆಗಿಂದಾಗಲೇ ಟೈಪ್ ಮಾಡಬೇಕು. ಅಂಗಡಿಯ ನಂಬರು ಕೊಟ್ಟರೆ, ಅಪ್ಪ ಕೈಯ ಎಣ್ಣೆ ಒರೆಸಿಕೊಳ್ಳುವಷ್ಟರಲ್ಲಿ ಅದು ನಿಂತುಹೋಗುತ್ತಿತ್ತು. ಅಣ್ಣ ಎತ್ತಿದರೆ "ಯಾವುದೋ ರೆಕಾರ್ಡಿಂಗು" ಎಂದು ಇಟ್ಟುಬಿಡುತ್ತಿದ್ದ. ಸಾಕಾಗಿ ಎಲ್ಲ ಕಡೆಯೂ ನನ್ನ ನಂಬರನ್ನೇ ಕೊಟ್ಟೆ. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ. ಬದಲಾಯಿಸಲಿಲ್ಲ.

ಫೋನುಗಳು ಬರತೊಡಗಿದವು. ಮೂಲೆಯ ಮೇಜಿನಲ್ಲಿ ಕೂತು ನಾನೇ ಮಾತಾಡಿ ಗಿರಾಕಿಗಳನ್ನು ಅಂಗಡಿಗೆ ಕರೆಸುತ್ತಿದ್ದೆ. ಅಪ್ಪನ ಮುಂದೆ ಮಷಿನ್ನುಗಳು ಸಾಲುಗಟ್ಟಿದವು. ಆಗ ಅತ್ತಿಗೆಗೆ ನನ್ನ ಮೇಜು ಕಣ್ಣಿಗೆ ಬಿತ್ತು.

"ಕೂತ್ಕೊಂಡು ಫಾರ್ಮ್ ತುಂಬೋದು, ಫೋನಲ್ಲಿ ಹರಟೋದು, ಇದೂ ಒಂದು ಕೆಲಸಾನಾ? ಆ ಜಾಗದಲ್ಲಿ ಇನ್ನೆರಡು ಮಷಿನ್ ಇಡಬಹುದು" ಎಂದಳು. ಅಣ್ಣ "ಅವಳು ಹೇಳೋದೂ ಸರಿ ಅಲ್ವೇನೇ" ಎಂದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಅವರು ಅಂದದ್ದು ಹಾಳಾಗಲಿ. ಅಪ್ಪ ಅಲ್ಲೇ ಕೂತು ಯಾವುದೋ ಮಷಿನ್ನಿನ ಬಾಬಿನ್ ಕೇಸ್ ಬಿಚ್ಚುತ್ತಿದ್ದ, ತಲೆ ಎತ್ತಲೇ ಇಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನೊಂದು ಕೊರಿಯರ್ ಆಫೀಸಿಗೆ ಸೇರಿದೆ. ಫೋನುಗಳು ನನ್ನ ಹಿಂದೆಯೇ ಬಂದವು. ಫೋನ್ ಮಾಡಿದವರಿಗೆಲ್ಲ ಅಂಗಡಿಯ ನಂಬರು ಕೊಟ್ಟು, ದಾರಿ ಹೇಳಿ ಕಳಿಸಿದೆ. ಮೂರು ತಿಂಗಳು ಈ ಬಿಟ್ಟಿ ಚಾಕರಿ ಮಾಡಿದೆ. ಒಂದು ದಿನ ಅಣ್ಣ ರಸ್ತೆಯಲ್ಲಿ ಸಿಕ್ಕ.

"ಅಂಗಡಿ ಜೋರಾಗಿದೆ ಕಣೆ. ಹೊಸ ಬೋರ್ಡ್ ಹಾಕಿಸ್ದೆ ನೋಡು, ಅದರ ಮಹಿಮೆ. ನಿನ್ನ ಡೈರೆಕ್ಟರಿ ಎಲ್ಲ ಬರೀ ಟೈಮ್ ವೇಸ್ಟು."

ಬೋರ್ಡಂತೆ, ಬೋರ್ಡು! ಆ ಮಧ್ಯಾಹ್ನ ಫೋನ್ ಮಾಡಿದ ಹೆಂಗಸಿಗೆ, "ಆ ಅಂಗಡಿ ಮುಚ್ಚಿದೆ" ಎಂದುಬಿಟ್ಟೆ. ಮೊದಲ ಸಲ ನಾಲಿಗೆ ತಡವರಿಸಿತು. ನಾಲ್ಕನೆಯ ಸಲ ತಡವರಿಸಲಿಲ್ಲ. ಎರಡು ತಿಂಗಳು ಫೋನ್ ಮಾಡಿದವರಿಗೆಲ್ಲ ಅದನ್ನೇ ಹೇಳಿದೆ. ಬೋರ್ಡು ನೋಡಿಕೊಂಡೇ ಬದುಕಲಿ ಎಂದುಕೊಂಡೆ. ಅಪ್ಪನ ನೆನಪಾದಾಗ, ಅವತ್ತು ಎತ್ತದ ಅವನ ತಲೆಯನ್ನೂ ನೆನಪಿಸಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಪಾರ್ಸೆಲ್ಲಿಗೆ ಚೀಟಿ ಅಂಟಿಸುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗೊತ್ತಿಲ್ಲದ ಗಂಡಸಿನ ದನಿ.

"ಹೊಲಿಗೆ ಮಷಿನ್ ರಿಪೇರಿಯವರಾ?"

"ಆ ಅಂಗಡಿ ಮುಚ್ಚಿ ತುಂಬಾ ದಿನ ಆಯ್ತು" ಎಂದೆ.

ಆ ಕಡೆ ಗುಸುಗುಸು. ಆಮೇಲೆ ಅಪ್ಪನ ದನಿ.

"ಪುಟ್ಟಿ... ನೀನಾ?"

ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟೆ.

"ಪಕ್ಕದ ಔಷಧಿ ಅಂಗಡಿಯವರ ಫೋನಮ್ಮಾ ಇದು. ಅಂಗಡಿಗೆ ಯಾರೂ ಬರ್ತಿಲ್ಲ. ನಿನ್ನಿಂದ ಏನೂ ಉಪಯೋಗ ಆಗ್ಲಿಲ್ಲ ಅಂತ ನಿಮ್ಮಣ್ಣ ಹಾರಾಡ್ತಿದ್ದ. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ನನ್ನ ಮಗಳು ಎಂಬತ್ತೇಳು ಕಡೆ ಬರ್ದಿದಾಳೆ, ಬಾರೋ, ನಿನ್ನ ಕಣ್ಣೆದುರಿಗೇ ತೋರಿಸ್ತೀನಿ ಅಂತ ಇಲ್ಲಿಗೆ ಕರ್ಕೊಂಡು ಬಂದೆ. ಇವರೇ ಅದ್ರಲ್ಲಿ ಹುಡುಕಿ, ಸಿಕ್ಕ ನಂಬರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದ್ರು."

ಹಿಂದೆ ಅಣ್ಣನ ದನಿ ಕೇಳಿಸಿತು: "ನೋಡಿದ್ಯಾ ಅಪ್ಪಾ, ಕೇಳಿಸ್ತಾ?"

"ಅಪ್ಪಾ, ಒಂದು ನಿಮಿಷ" ಎಂದೆ. ಫೋನ್ ಇಟ್ಟಾಗಿತ್ತು.

ಅಂದೇ ಡೈರೆಕ್ಟರಿಗಳನ್ನೆಲ್ಲ ತಿದ್ದಲು ಕೂತೆ. ಅರ್ಧಕ್ಕರ್ಧ ತೆರೆಯಲೇ ಇಲ್ಲ, ತೆರೆದವು ತಿದ್ದಲು ಬಿಡಲಿಲ್ಲ. ಮುಂದಿನ ತಿಂಗಳು ಅಣ್ಣ ಅಪ್ಪನ ಸಲಕರಣೆಗಳನ್ನು ಮಾರಿ ಅಂಗಡಿಯ ಬಾಗಿಲು ಹಾಕಿದ.

ಫೋನುಗಳು ಇನ್ನೂ ಬರುತ್ತವೆ. ಆ ಅಂಗಡಿ ಮುಚ್ಚಿದೆ ಎನ್ನುತ್ತೇನೆ. ಈಗ ಅದು ನಿಜ.