ಕತ್ತಲಿಗೆ ಊದದ ಅಪ್ಪಾಸಾಬ

ಸಿಂದಗಿ ಬಸ್ ನಿಲ್ದಾಣದ ಹಿಂದೆ ಬಾಬುಲಾಲ ನಡೆಸುತ್ತಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ ಕ್ಯಾಸೆಟ್ಟಿಗೆ ಊದದೆ ಆಟ ಆಡುತ್ತಿದ್ದ ಮನುಷ್ಯ ಅಪ್ಪಾಸಾಬ ಒಬ್ಬನೇ. ಉಳಿದವರೆಲ್ಲ ಊದುತ್ತಿದ್ದರು. ಚಿತ್ರ ನಡುಗಿದರೆ ಊದು, ಬಣ್ಣ ಹಾರಿದರೆ ಊದು, ಪರದೆ ಕಪ್ಪಾದರಂತೂ ಕ್ಯಾಸೆಟ್ಟನ್ನು ಕಿತ್ತು, ಒಲೆಯ ಕೆಂಡಕ್ಕೆ ಊದುವ ಹಾಗೆ ಕೆನ್ನೆ ಉಬ್ಬಿಸಿ ಊದು, ಅಂಗಿಯ ತುದಿಯಿಂದ ಒರೆಸು, ಮತ್ತೆ ತುರುಕು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲೆಲ್ಲಿ ಟಿವಿ ಗೇಮಿನ ಅಂಗಡಿ ಇತ್ತೋ ಅಲ್ಲೆಲ್ಲ ಇದೇ ಪದ್ಧತಿ. ಯಾರು ಕಲಿಸಿದರೆಂದು ಯಾರಿಗೂ ಗೊತ್ತಿರಲಿಲ್ಲ. ಊದಿದ ಮೇಲೆ ಆಟ ಬಂದರೆ ಊದಿದ್ದಕ್ಕೇ ಬಂತು, ಬರದಿದ್ದರೆ ಸಾಲದೆ ಹೋಯಿತು, ಇಷ್ಟೇ ಅದರ ಶಾಸ್ತ್ರ.

ಅಪ್ಪಾಸಾಬನೋ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೊನೆಟ್ ನುಡಿಸಿ ಹೊಟ್ಟೆ ಹೊರೆಯುವವನು. ಯಾಕೆ ಊದುವುದಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದ: “ಊದೂದ ನನ್ನ ಕಸಬೈತಿ. ಪುಕ್ಕಟೆ ಊದಂಗಿಲ್ಲ.” ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು. ಪ್ರತಿ ಮದುವೆ ಮುಗಿದ ಮೇಲೆ ವಾದ್ಯವನ್ನು ಬಿಚ್ಚಿ ಕೊಳವೆಯೊಳಗಿನ ನೀರನ್ನು ಜಾಡಿಸುವವನಿಗೆ, ಉಸಿರೆಂದರೆ ಬರೀ ಗಾಳಿಯಲ್ಲ, ಅದರಲ್ಲಿ ನೀರಿದೆ, ನೀರು ತಾಗಿದ್ದು ಇಂದಲ್ಲ ನಾಳೆ ಕೆಡುತ್ತದೆ ಎಂಬುದು ಬೆರಳಿಗೇ ಗೊತ್ತಿತ್ತು. ಅದನ್ನು ಬಿಡಿಸಿ ಹೇಳುವುದು ಅವನಿಗೆ ಸಂಕೋಚ.

ಅವನ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಇಪ್ಪತ್ತು ವರ್ಷ ಮದುಮಗನ ಕುದುರೆಯ ಮುಂದೆ ಅರ್ಧರ್ಧ ಹೆಜ್ಜೆ ಹಾಕಿದ ಕಾಲುಗಳು ಸಂತೆಗೆ ಹೋಗುವಾಗಲೂ ಹಾಗೇ ಹೋಗುತ್ತಿದ್ದವು. ಎರಡು ಹೆಜ್ಜೆಗೊಮ್ಮೆ ಸಣ್ಣದೊಂದು ತಡೆ, ಹಿಂದೆ ಯಾರೋ ಕುಣಿಯುತ್ತಿದ್ದಾರೆ, ಅವರನ್ನು ಬಿಟ್ಟು ಮುಂದೆ ಹೋಗಬಾರದು ಎಂಬಂತೆ. ಅವನ ಜೊತೆ ಬಜಾರಕ್ಕೆ ಹೋಗುವುದೆಂದರೆ ಹೆಂಡತಿ ಯಶೋಧಾಳಿಗೆ ತಲೆನೋವು. “ನಿಮ್ಮ ಸಂಗಾಟ ಬಂದ್ರ ಕಾಯಿಪಲ್ಯಾ ತರೂದ್ರಾಗ ಅಕ್ಷತಾ ಬೀಳ್ತಾವ ನೋಡ್ರಿ,” ಎನ್ನುತ್ತಿದ್ದಳು. ಅವನ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ಬೀಳುತ್ತಿದ್ದ ಮಾತೂ ಈ ನಡಿಗೆಗೆ ತಕ್ಕದ್ದೇ: “ತಡೀರಿ, ಇನ್ನಾ ಮುಗದಿಲ್ಲ.”

ಇನ್ನು ಅವನ ಕೋಟು. ಕಂಪನಿಯವರು ಕೊಟ್ಟ ಕೆಂಪು ಕೋಟು, ಹಿತ್ತಾಳೆಯ ಗುಂಡಿ, ಭುಜದ ಮೇಲೆ ಬಣ್ಣ ಮಾಸಿದ ಜರಿ. ಯಾವುದಾದರೊಂದು ಆಟವನ್ನು ಕೊನೆಯವರೆಗೆ ಆಡಲೇಬೇಕೆಂದು ನಿಶ್ಚಯ ಮಾಡಿದ ದಿನ ಅಪ್ಪಾಸಾಬ ಆ ಕೋಟನ್ನು ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಅಂಗಡಿಯ ಮುರುಕು ಬಾಕಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಹೊರಗೆ ಎಂಥ ಸೆಕೆಯಿದ್ದರೂ ಸರಿ. “ಕೋಟ ಇಲ್ಲಂದ್ರ ಕೈ ಅಷ್ಟ ಆಡ್ತಾವ, ಮನಸ್ಸ ಬರಂಗಿಲ್ಲ.”

ಎರಡು ಸಾವಿರದ ಮೂರರ ಮಳೆಗಾಲದ ಹೊತ್ತಿಗೆ ಹುಡುಗರೆಲ್ಲ ಕಂಪ್ಯೂಟರ್ ಅಂಗಡಿಯ ಕಡೆ ಹೊರಳಿದ್ದರು. ಬಾಬುಲಾಲನ ಟಿವಿಗಳ ಮೇಲೆ ಧೂಳು ಕೂತಿತ್ತು. ಆಷಾಢ ಹಿಡಿದರೆ ತುಳಸಿ ಲಗ್ನದವರೆಗೆ ಮದುವೆಗಳಿಲ್ಲ. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅಪ್ಪಾಸಾಬ ಒಂದು ವಿಚಿತ್ರ ವ್ರತ ಹಿಡಿದ. ಹತ್ತು ವರ್ಷದ ಕೆಳಗೆ ಗದ್ದಲದಲ್ಲಿ, ಹಿಂದಿನವರು ಬೆನ್ನಿಗೆ ತಿವಿಯುತ್ತಿದ್ದಾಗ ಆಡಿದ್ದ ಹಳೆಯ ಆಟಗಳನ್ನೆಲ್ಲ ಈಗ ಸಮಾಧಾನದಿಂದ, ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಆಡಿ, ಯಾವುದು ನಿಜಕ್ಕೂ ಒಳ್ಳೆಯದು, ಯಾವುದಕ್ಕೆ ಸುಮ್ಮನೆ ಹೆಸರು ಬಂದಿತ್ತು ಎಂದು ನೋಡುವುದು. ನಡುವೆ ಕರೆಂಟು ಹೋದರೆ ಆಟ ಮೊದಲ ಮೆಟ್ಟಿಲಿಗೆ. ನಿಂತಲ್ಲಿಂದ ಮುಂದುವರಿಸುವ ಅನುಕೂಲ ಆ ಕ್ಯಾಸೆಟ್ಟುಗಳಿಗಿರಲಿಲ್ಲ. ಅಪ್ಪಾಸಾಬ ಬೇಸರವಿಲ್ಲದೆ ಮತ್ತೆ ಶುರು ಮಾಡುತ್ತಿದ್ದ.

ಅವನ ತೀರ್ಪುಗಳು ಚುಟುಕಾಗಿರುತ್ತಿದ್ದವು. ಊರೆಲ್ಲ ಮೆಚ್ಚಿದ್ದ ಹೊಡೆದಾಟದ ಆಟದ ಬಗ್ಗೆ: “ನಾವು ಗುಂಡಿ ಒತ್ತೂಕಿಂತ ಮೊದಲ ಅವಂಗ ಗೊತ್ತಾಗ್ತೈತಿ. ಇದು ಕುಸ್ತಿ ಅಲ್ಲ, ಮೋಸ.” ಕಾರಿನ ಆಟ: “ದಾರಿ ಮುಗಿಯೂದಿಲ್ಲ, ಬರೇ ಗಿಡದ ಬಣ್ಣ ಬದಲಾಗ್ತೈತಿ.” ಸಾವಿರ ಆಟಗಳಿವೆ ಎಂದು ಹಣೆಯ ಮೇಲೆ ಬರೆದುಕೊಂಡಿದ್ದ ಹಳದಿ ಕ್ಯಾಸೆಟ್ಟನ್ನು ಒಂದು ವಾರ ಪೂರ್ತಿ ಜಾಲಾಡಿ ಹೇಳಿದ: “ವರ ಒಬ್ಬನ ಅದಾನ. ತಲಿ ಮ್ಯಾಲಿನ ಪಟಗಾ ಬದಲ ಮಾಡಿ ಮತ್ತ ಮತ್ತ ಕುದುರಿ ಹತ್ತಸ್ಯಾರ.” ಯಾರೂ ಮುಟ್ಟದ ಚಿಕ್ಕದೊಂದು ಹಕ್ಕಿಯ ಆಟಕ್ಕೆ ಮಾತ್ರ ಎದ್ದು ನಿಂತು ಕೋಟಿನ ಗುಂಡಿ ಸರಿಮಾಡಿಕೊಂಡಿದ್ದ. ಅದು ಅವನ ಪರಮ ಗೌರವ.

ಉಳಿದದ್ದು ಬಾವಿಯ ಆಟ. ಅದರ ನಿಜವಾದ ಹೆಸರು ಯಾವ ಭಾಷೆಯಲ್ಲಿತ್ತೋ, ಚೀಟಿ ಹರಿದುಹೋಗಿತ್ತು. ಕಂದೀಲು ಹಿಡಿದ ಸಣ್ಣ ಮನುಷ್ಯನೊಬ್ಬ ಮೆಟ್ಟಿಲು ಬಾವಿಗೆ ಇಳಿಯುತ್ತಾನೆ. ಇಳಿದಂತೆಲ್ಲ ಕಂದೀಲು ಮಂಕಾಗುತ್ತದೆ. ಐದನೆಯ ಅಂತಸ್ತಿನ ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಪರದೆ ಪೂರ್ತಿ ಕಪ್ಪು. ಕ್ಯಾಸೆಟ್ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತಿದ್ದ ವಿಷಯ. ಬಾಬುಲಾಲ ಕೂತಲ್ಲಿಂದಲೇ ಕೈ ಚಾಚಿ ಕ್ಯಾಸೆಟ್ ಕಿತ್ತು ಊದಿ ಮತ್ತೆ ಹಾಕುತ್ತಿದ್ದ. ಆಟ ಮೊದಲಿನಿಂದ ಶುರುವಾಗುತ್ತಿತ್ತು. ಆಡುವವನು ಬೈದು ಬೇರೆ ಆಟ ಕೇಳುತ್ತಿದ್ದ.

ಆದರೆ ಅಪ್ಪಾಸಾಬನ ಕಸಬು ಊರೂರು ತಿರುಗುವುದು. ಇಂಡಿಯಲ್ಲಿ ಮದುವೆಗೆ ಹೋದಾಗ ಅಲ್ಲಿಯ ಅಂಗಡಿಯಲ್ಲೂ ಬಾವಿಯ ಆಟ ಐದನೆಯ ಅಂತಸ್ತಿನಲ್ಲೇ ಕಪ್ಪಾದದ್ದನ್ನು ನೋಡಿದ್ದ. ಬಾಗೇವಾಡಿಯಲ್ಲೂ ಹಾಗೇ. ಮುದ್ದೇಬಿಹಾಳದಲ್ಲಿ ಮೆಹರಾಜನ ಅಂಗಡಿಯಲ್ಲೂ ಅದೇ ಮೆಟ್ಟಿಲು, ಮೆಹರಾಜನೂ ಊದಿದ. ಒಂದು ಕ್ಯಾಸೆಟ್ ಕೆಡಬಹುದು. ನಾಲ್ಕು ಊರಿನ ನಾಲ್ಕು ಕ್ಯಾಸೆಟ್ಟುಗಳು ಮಾತಾಡಿಕೊಂಡಂತೆ ಒಂದೇ ಮೆಟ್ಟಿಲ ಮೇಲೆ ಕೆಡುತ್ತವೆಯೇ? ಈ ಪ್ರಶ್ನೆ ಹಿಡಿದು ಶ್ರಾವಣದ ಒಂದು ಮಧ್ಯಾಹ್ನ ಕಪ್ಪು ಪರದೆಯ ಮುಂದೆ ಸುಮ್ಮನೆ ಕೂತ. ಸ್ವಲ್ಪ ಹೊತ್ತಿಗೆ ಕೇಳಿಸಿತು: ನೀರಿನ ಹನಿ. ಒಂದು ದಪ್ಪ, ಒಂದು ತೆಳುವು. ಹೆಜ್ಜೆ ಸರಿಸಿದರೆ ದನಿ ಬದಲಾಯಿತು.

“ಬಾಬುಲಾಲ, ಇದು ಕೆಟ್ಟಿಲ್ಲೋ. ಒಳಗ ಹನಿ ಬೀಳಾಕತ್ತೈತಿ.”

ಬಾಬುಲಾಲ ಗರಗರ ತಿರುಗುವ ಫ್ಯಾನಿನ ಕೆಳಗೆ ಕಿವಿಗೊಟ್ಟ. “ಏನೂ ಇಲ್ಲೋ ಅಪ್ಪಾಸಾಬಣ್ಣಾ. ನಿನ್ನ ಕಿವ್ಯಾಗ ಡೋಲ ಕುಂತೈತಿ.”

ಚೇಷ್ಟೆಗೆ ಆಡಿದ ಮಾತು ಅವನಿಗೆ ನಾಟಿತು. ಯಾಕೆಂದರೆ ಅದೇ ವರ್ಷದ ವೈಶಾಖದಲ್ಲಿ, ಬಾಗೇವಾಡಿಯ ಮೆರವಣಿಗೆಯೊಂದರಲ್ಲಿ, ಅವನ ಕ್ಲಾರಿಯೊನೆಟ್ಟೂ ಬ್ಯಾಂಡ್ ಮಾಸ್ತರ ಬಸಂತರಾಯನ ಟ್ರಂಪೆಟ್ಟೂ ನಡುಹಾಡಿನಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದವು. ಸುರ ಜಾರಿದ್ದು ಅಪ್ಪಾಸಾಬನದೆಂದು ಮಾಸ್ತರ ಹೇಳಿದ. ಮೂವತ್ತು ವರ್ಷದಿಂದ ಕಂಪನಿ ನಡೆಸಿದವನ ಮಾತು, ಯಾರು ಅಲ್ಲಗಳೆಯುತ್ತಾರೆ? ಅಪ್ಪಾಸಾಬನೇ ನಂಬಿದ. ಕಪ್ಪು ಟಿವಿಯಲ್ಲಿ ಸಪ್ಪಳ ಕೇಳುತ್ತದಂತೆ ಎಂಬ ಸುದ್ದಿ ಮುಟ್ಟಿದ ಮೇಲಂತೂ ಮಾಸ್ತರನ ಸಂಶಯ ಪೂರ್ತಿ ತೀರಿತು. “ಸಪ್ಪಳ ಇಲ್ಲದಲ್ಲಿ ಸಪ್ಪಳ ಕೇಳ್ತೈತೆಂದ್ರ ಅದು ಕಿವಿ ಅಲ್ಲೋ ತಮ್ಮಾ, ಬ್ಯಾನಿ. ದೀಪಾವಳಿಗೆ ಕ್ಲಾರಿಯೊನೆಟ್ ತಂದಿಡು, ಸಂಗಮೇಶಗ ಕೊಡೂಣು. ನೀ ಝಾಂಜ್ ಹಿಡಿ.” ಝಾಂಜೆಂದರೆ ದೊಡ್ಡ ತಾಳ, ಅದಕ್ಕೆ ಸುರ ಬೇಕಿಲ್ಲ. ಸಂಗಮೇಶ ಕಂಪನಿಗೆ ಹೊಸದಾಗಿ ಸೇರಿದವನು. ವಾದ್ಯ ಕಂಪನಿಯದು. ಅಪ್ಪಾಸಾಬನದು ಅದರೊಳಗಿನ ಉಸಿರು ಮಾತ್ರ.

ಆ ದಿನಗಳಲ್ಲಿ ಅವನು ತನ್ನ ಕಿವಿಗಳನ್ನು ಪರರ ವಸ್ತುವಿನಂತೆ ಪರೀಕ್ಷಿಸಿದ. ಮನೆಯ ನಳ ತೊಟ್ಟಿಕ್ಕಿದರೂ “ಹನಿ ಬೀಳಾಕತ್ತೈತೇನ?” ಎಂದು ಯಶೋಧಾಳನ್ನು ಕರೆದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ. “ಬೀಳಾಕತ್ತೈತ್ರಿ. ನೀವು ನಿಂತು ಕೇಳೂದ್ ಬಿಟ್ಟು ವಾಶರ್ ಹಾಕಿದ್ರ ನಿಲ್ಲತೈತಿ,” ಎಂದು ಅವಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಕೊನೆಗೊಂದು ದಿನ ಕಪ್ಪು ಪರದೆಯ ಮುಂದೆ ನಿಂತು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದ. ಹನಿ ನಿಂತಿತು. ಕೈ ತೆಗೆದ, ಹನಿ ಬಂತು. ಒಳಗಿನದಾಗಿದ್ದರೆ ಕೈಗೆ ಹೆದರುತ್ತಿರಲಿಲ್ಲ. ಹಾಗಾದರೆ ಸಪ್ಪಳ ಹೊರಗಿನದು, ಕಿವಿ ಸರಿಯಿದೆ. ಆದರೆ ಇದನ್ನು ಮಾಸ್ತರನಿಗೆ ಹೇಳುವುದು ಹೇಗೆ? ಹೇಳುವುದರಲ್ಲಿ ಅವನು ಯಾವತ್ತೂ ಗೆದ್ದವನಲ್ಲ. ಆ ಕತ್ತಲನ್ನು ಕಿವಿಯಿಂದಲೇ ದಾಟಿ ಆಟವನ್ನು ಮುಗಿಸಿ ತೋರಿಸಬೇಕು. ಬೇರೆ ಸಾಕ್ಷಿ ಇರಲಿಲ್ಲ.

ಅವಸರಕ್ಕೆ ಇನ್ನೊಂದು ಕಾರಣವೂ ಸೇರಿತು. ಬಾಬುಲಾಲ ದೀಪಾವಳಿಗೆ ಮೊಬೈಲ್ ಅಂಗಡಿ ತೆರೆಯುವವನಿದ್ದ. ಹಬ್ಬ ಹತ್ತಿರ ಬಂದಿತ್ತು, ಹಳೆಯ ಟಿವಿ, ಕ್ಯಾಸೆಟ್ಟುಗಳೆಲ್ಲ ಮರುದಿನವೇ ಗುಜರಿಗೆ ಹೋಗುವುದಿತ್ತು. “ಇವತ್ತ ಒಂದ ಮಧ್ಯಾಹ್ನ ಕೊಡ್ತೇನಿ. ನಾಳಿ ಕಾಜಿನ ಕಪಾಟ ಬರ್ತಾವ,” ಎಂದ.

ಅಪ್ಪಾಸಾಬ ಕೋಟು ತೊಟ್ಟುಕೊಂಡೇ ಬಂದ. ಮಾಸ್ತರನಿಗೆ ಒಪ್ಪಿಸಬೇಕಾದ ಕ್ಲಾರಿಯೊನೆಟ್ ಪೆಟ್ಟಿಗೆ ಪಕ್ಕದಲ್ಲಿತ್ತು. ಅದನ್ನು ಒಯ್ಯಲು ಬಸಂತರಾಯ ಮನೆಗೆ ಹೋಗಿ, ಯಶೋಧಾಳಿಂದ ವಿಷಯ ತಿಳಿದು ಅಂಗಡಿಗೇ ಬಂದಾಗ ಸಣ್ಣ ಮನುಷ್ಯ ಆಗಲೇ ನಾಲ್ಕನೆಯ ಅಂತಸ್ತಿನಲ್ಲಿದ್ದ. “ಏಳೋ ಮಾರಾಯ, ಹುಡುಗರಾಟ ಸಾಕು,” ಎಂದ ಮಾಸ್ತರ.

“ತಡೀರಿ ಮಾಸ್ತರ, ಇನ್ನಾ ಮುಗದಿಲ್ಲ.” ಅವನು ತಿರುಗಿ ನೋಡಲಿಲ್ಲ. “ಬಾಬುಲಾಲ, ಫ್ಯಾನ್ ಬಂದ್ ಮಾಡು. ಶಟರ್ ಇಳಸು.”

ಪರದೆ ಕಪ್ಪಾಯಿತು. ಹತ್ತು ವರ್ಷದ ರೂಢಿಯಿಂದ ಬಾಬುಲಾಲನ ಕೈ ತಾನಾಗಿಯೇ ಕ್ಯಾಸೆಟ್ಟಿನ ಕಡೆ ಚಾಚಿತು. ಅಪ್ಪಾಸಾಬ ಅವನ ಮಣಿಕಟ್ಟು ಹಿಡಿದ. ಬಾಬುಲಾಲ ಬಾಗಿಲ ಹತ್ತಿರ ಹೋಗಿ ನಿಂತ. ಫ್ಯಾನ್ ನಿಂತ ಆ ಕೋಣೆಯಲ್ಲಿ, ಬೆವರು ಕೋಟಿನೊಳಗೆ ಇಳಿಯುವ ಸೆಕೆಯಲ್ಲಿ, ಮೂವರೂ ಏನೂ ಇಲ್ಲದ ಕಪ್ಪನ್ನು ನೋಡುತ್ತ ಉಳಿದರು. ದಪ್ಪ ಹನಿ ಬಿದ್ದರೆ, ಮುಂದೆ ಮೆಟ್ಟಿಲಿದೆ ಎಂದು, ಅಪ್ಪಾಸಾಬನ ಬೆರಳು ಒಂದು ಹೆಜ್ಜೆ ಇಳಿಸುತ್ತಿತ್ತು; ತೆಳು ಹನಿ ಬಿದ್ದರೆ ಹಿಂದೆಗೆದು ತಿರುಗಿಸುತ್ತಿತ್ತು. ಅವನೀಗ ಕಣ್ಣು ಮುಚ್ಚಿಕೊಂಡಿದ್ದ. ಗುಂಡಿಗಳ ಮೇಲೆ ಅವನ ಬೆರಳುಗಳು ವಾದ್ಯದ ಮೇಲೆ ಇದ್ದ ಹಾಗೆಯೇ ಇದ್ದವು.

“ಅಯ್ಯ ಹೌದಲ್ಲೋ!” ಬಾಗಿಲಿನಿಂದ ಬಾಬುಲಾಲ ಕೂಗಿದ. “ಬಿತ್ತು ನೋಡ್ರಿ ಮಾಸ್ತರ, ಟಪ್ ಅಂತು! ಈಗ ತೆಳ್ಳಂದು!”

ಬಸಂತರಾಯ ಟಿವಿಯ ಕಡೆ ಸರಿದ. ಮುಂದೆ ಬಾಗಿದ. ಇನ್ನೂ ಬಾಗಿದ. ಬಲಗಿವಿ ತಂದ, ಆಮೇಲೆ ಎಡಗಿವಿ ತಂದ. ಕೊನೆಗೆ ಟಿವಿಯ ಪಕ್ಕದ ಜಾಳಿಗೆಗೆ ತಲೆ ಹಚ್ಚಿದ. “ಎಲ್ಲೈತೋ?” ಎಂದ. ಅವನ ದನಿಯಲ್ಲಿ ಮಾಸ್ತರಿಕೆ ಇರಲಿಲ್ಲ.

ಅಪ್ಪಾಸಾಬ ಕಣ್ಣು ತೆರೆದು ಆ ಮುಖವನ್ನು ನೋಡಿದ. ಮೂವತ್ತು ವರ್ಷ ದೊಡ್ಡ ಡೋಲಿನ ಪಕ್ಕದಲ್ಲೇ ನಡೆದ ಮನುಷ್ಯ. ಬಾಗೇವಾಡಿಯ ಮೆರವಣಿಗೆ ಅಪ್ಪಾಸಾಬನ ಮನಸ್ಸಿನಲ್ಲಿ ತಿರುಗಿ ನಿಂತಿತು: ಜಾರಿದ್ದು ಕ್ಲಾರಿಯೊನೆಟ್ಟಲ್ಲ, ಟ್ರಂಪೆಟ್ಟು. ಒಂದು ಮಾತು ಸಾಕಿತ್ತು. ವೈಶಾಖದಿಂದ ನುಂಗಿದ ಅವಮಾನವನ್ನೆಲ್ಲ ಆ ಒಂದು ಮಾತಿನಲ್ಲಿ ತೀರಿಸಬಹುದಿತ್ತು.

“ಟಿವಿ ಹಳೇದ್ರಿ ಮಾಸ್ತರ, ಸ್ಪೀಕರ್ ಹರದೈತಿ,” ಎಂದ. “ಆಡಾವಗಷ್ಟ ಕೇಳ್ತೈತಿ.”

“ನನಗ ಇಲ್ಲೆ ಬಾಗಲದಾಗ...” ಎಂದು ಬಾಬುಲಾಲ ಶುರು ಮಾಡಿದ.

“ಬಾಬುಲಾಲ, ಕರೆಂಟ್ ಹೋದೀತು, ಸುಮ್ಮಕಿರು.”

ಮತ್ತೆಷ್ಟು ಮೆಟ್ಟಿಲು ಇಳಿದನೋ. ವೋಲ್ಟೇಜು ಒಮ್ಮೆ ಕುಸಿದು ಟಿವಿ ಗುಂಯ್ಗುಟ್ಟಿತು, ಆದರೆ ಆರಲಿಲ್ಲ. ಆಮೇಲೆ ಕಪ್ಪಿನ ಕೆಳಗಿನಂಚಿನಲ್ಲಿ ಒಂದು ನೀಲಿ ಚುಕ್ಕೆ ಕಂಡಿತು. ಅದು ಅಗಲವಾಯಿತು. ಬಾವಿಯ ತಳದ ನೀರು. ಆ ನೀರಿನಲ್ಲಿ, ಇಷ್ಟು ಹೊತ್ತು ಮೇಲೆ ಬಿಟ್ಟು ಬಂದಿದ್ದ ಆಕಾಶ ಪೂರ್ತಿಯಾಗಿ ಬಿದ್ದಿತ್ತು. ಸಣ್ಣ ಮನುಷ್ಯ ಆರಿದ ಕಂದೀಲನ್ನು ದಡದಲ್ಲಿಟ್ಟು ಕೂತ. ಆಗ ಹಾಡು ಬಂತು, ಹರಿದ ಸ್ಪೀಕರೂ ತಡೆಯಲಾರದಷ್ಟು ಗಟ್ಟಿಯಾಗಿ. ಚಿಕ್ಕ ಹಾಡು. ನಾಲ್ಕು ಊರುಗಳಲ್ಲಿ ಹತ್ತು ವರ್ಷ ಎಲ್ಲರ ಕೈಯಲ್ಲೂ ಇದ್ದು ಯಾರೂ ಕೇಳದ ಹಾಡು. ಬಸಂತರಾಯನಿಗೂ ಕೇಳಿಸಿತು, ಅವನ ಕಣ್ಣು ತುಂಬಿದ್ದನ್ನು ಬಾಬುಲಾಲ ಬೆವರೆಂದು ತಿಳಿದ. ಅಪ್ಪಾಸಾಬ ಎದ್ದು ನಿಂತು ಕೋಟಿನ ಗುಂಡಿ ಸರಿಮಾಡಿಕೊಂಡ.

“ಭಾಳ ಚೊಲೋ ಆಟೈತಿ,” ಎಂದ. “ನಾವ ಅದನ್ನ ಕೆಟ್ಟೈತಂತ ತಿಳದಿದ್ದಿವಿ.”

ಮಾಸ್ತರ ಕ್ಲಾರಿಯೊನೆಟ್ ಪೆಟ್ಟಿಗೆಯನ್ನು ಎತ್ತಿಕೊಂಡ. ಕೈಯಲ್ಲಿ ತೂಗಿ ನೋಡಿದ. ಅಪ್ಪಾಸಾಬನ ಕೈಯಲ್ಲಿ ಇಟ್ಟ. “ತುಳಸಿ ಲಗ್ನಕ್ಕ ಸಾಲೋಟಗಿಗೆ ಹೋಗೂದೈತಿ. ಲಗೂನ ಬಾ,” ಎಂದಷ್ಟೇ ಹೇಳಿ ಶಟರಿನ ಕೆಳಗೆ ಬಾಗಿ ಹೊರಟುಹೋದ.

ಸಾಲೋಟಗಿಯಲ್ಲಿ ಮೆರವಣಿಗೆ ಶುರುವಾಗುವ ಮೊದಲು ಅಪ್ಪಾಸಾಬ ತನ್ನ ಜಾಗ ಬಿಟ್ಟು ಮಾಸ್ತರನ ಎಡಗಿವಿಯ ಪಕ್ಕಕ್ಕೆ ಬಂದು ನಿಂತ. ಪ್ರತಿ ಹಾಡಿಗೂ ಮುಂಚೆ ಒಂದೇ ಸುರವನ್ನು ಉದ್ದಕ್ಕೆ ಹಿಡಿದ. ಟ್ರಂಪೆಟ್ ಅದನ್ನು ಹುಡುಕಿ ಬಂದು ಕೂಡುವವರೆಗೆ ಬಿಡಲಿಲ್ಲ. ನೋಡಿದವರಿಗೆ ಅದು ಹೊಸ ಠೀವಿಯೆಂದು ಕಂಡಿತು. ಕುದುರೆ ಮಂಟಪದ ಹತ್ತಿರ ಬಂದಾಗ ಅವನು ಬಾವಿಯ ತಳದ ಆ ಚಿಕ್ಕ ಹಾಡನ್ನು ನುಡಿಸಿದ. ಕುಣಿಯುತ್ತಿದ್ದವರು ಯಾಕೋ ನಿಂತರು. ಬೀಗರಲ್ಲೊಬ್ಬರು ಹತ್ತಿರ ಬಂದು ಕೇಳಿದರು: “ಯಾವ ಪಿಚ್ಚರಿಂದ್ರಿ ಇದು?” ಅಪ್ಪಾಸಾಬ ತುಟಿಯಿಂದ ವಾದ್ಯ ತೆಗೆಯದೆ ಕಣ್ಣಿನಲ್ಲೇ ತಡೀರಿ ಎಂದ.

ಊರು ಒಂದು ವಸ್ತುವನ್ನು ಕೆಟ್ಟಿದೆ ಎಂದು ಬಿಟ್ಟುಕೊಟ್ಟ ಮೇಲೂ ಅದರ ಮುಂದೆ ಕೋಟು ತೊಟ್ಟು ಕೂರುವವರು ಎಲ್ಲೋ ಒಬ್ಬರು ಇರುತ್ತಾರೆ. ನಾವು ಅವರನ್ನು ನಿಧಾನದವರೆಂದು ನಗುತ್ತೇವೆ. ಕಪ್ಪು ಕಂಡ ಕೂಡಲೇ ಕಿತ್ತು ಊದುವ ನಮ್ಮ ಅವಸರವನ್ನು ಜಾಣತನವೆಂದುಕೊಳ್ಳುತ್ತೇವೆ. ಅಂಥವರ ದೊಡ್ಡತನ ಅವರು ಕತ್ತಲನ್ನು ದಾಟುವುದರಲ್ಲೇ ಮುಗಿಯುವುದಿಲ್ಲ. ದಾಟಿದ ಮೇಲೆ, ಹನಿ ಕೇಳದೆ ಹಿಂದುಳಿದವನ ಪಕ್ಕಕ್ಕೆ ತಿರುಗಿ ಬಂದು, ಅವನಿಗೆ ದಾರಿ ಸಿಗುವಷ್ಟು ಹೊತ್ತು ಒಂದೇ ಸುರವನ್ನು ಹಿಡಿದು ನಿಲ್ಲುತ್ತಾರೆ.