ಮೂಗಪ್ಪ ಊದಿದ ಪ್ಲೇಟುಗಳು

ಕಿವುಡು ದೊರೆ ಸತ್ತ ಮೂರನೆಯ ದಿನ ಮುನಿಶಾಮಿ ಒಂದು ಕಳ್ಳತನ ಮಾಡಿದ. ಜೀವಮಾನದಲ್ಲಿ ಅವನು ಮಾಡಿದ ಕಳ್ಳತನ ಅದೊಂದೇ.

ಕದ್ದದ್ದು ಬೆಳ್ಳಿ ಚಮಚವಲ್ಲ, ಗಡಿಯಾರವಲ್ಲ. ನೂರ ಎಪ್ಪತ್ತು ಚೀಟಿ. ಒಂದೊಂದೂ ಅಂಗೈ ಅಗಲ, ಮೇಲೆ ದೊರೆಯ ಪೆನ್ಸಿಲ್ ಬರಹ. ಅದರಲ್ಲಿದ್ದ ಇಂಗ್ಲಿಷ್ ಮುನಿಶಾಮಿಗೆ ಓದಲು ಬರುತ್ತಿರಲಿಲ್ಲ. ಆದರೆ ಅದರಲ್ಲಿ ಇದ್ದದ್ದೆಲ್ಲ ಅವನೇ ಹೇಳಿದ ಮಾತು.

"ಎಲ್ಲಾ ಬಿಟ್ಕೊಟ್ಬಿಟ್ರೆ ನಾಳೆ ನಿನ್ನ ಯಾರು ಕೇಳ್ತಾರೆ? ಒಂದಾದ್ರೂ ಕೈಯಾಗಿಟ್ಕೋ," ಎಂದು ಹೆಂಡತಿ ಮುನಿಗಂಗಮ್ಮ ಹಿಂದಿನ ರಾತ್ರಿಯೆಲ್ಲ ಹೇಳಿದ್ದಳು. ಚೀಟಿಗಳು ಬಂಗಲೆಯ ಹಿಂದಿನ ಅವರ ಕೋಣೆಯಲ್ಲಿ, ರಾಗಿ ಗುಡಾಣದ ಹಿಂದೆ ಸೇರಿದವು.

ದೊರೆ ವಿಲಾಯಿತಿಯಿಂದ ಬಂದು ಮೂವತ್ತು ವರ್ಷ ಚಿನ್ನದ ಗಣಿಯ ಒಳಗೆ ಬಂಡೆ ಸಿಡಿಸುವ ಕೆಲಸ ನೋಡಿಕೊಂಡವನು. ಆ ಸದ್ದಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಮುಕ್ಕಾಲು ಹೋಗಿತ್ತು. ಪಿಂಚಣಿ ಬಂದ ಮೇಲೆ ಕೋಲಾರದ ಹೊರಗೆ, ಬೆಟ್ಟಕ್ಕೆ ಮುಖ ಮಾಡಿದ ಬಂಗಲೆಯಲ್ಲಿ ಒಬ್ಬನೇ ಉಳಿದ. ಅವನಿಗಿದ್ದ ಹುಚ್ಚು ಒಂದೇ. ಅಮೆರಿಕದ ಕರಿಯ ಜನ ಕಟ್ಟಿದ ಜಾಜ್ ಅನ್ನುವ ಸಂಗೀತದ ಪ್ಲೇಟುಗಳನ್ನು ಹಡಗಿನಲ್ಲಿ ತರಿಸುವುದು. ಗ್ರಾಮಾಫೋನಿನ ಮರದ ಪೆಟ್ಟಿಗೆಗೆ ಪೆನ್ಸಿಲ್ಲಿನ ಒಂದು ತುದಿ ಊರಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಕೂರುತ್ತಿದ್ದ. ತಾಳ ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತಿತ್ತು. ಊದುವವರು ಯಾರು, ಯಾರ ನಂತರ ಯಾರು, ಅದು ಮಾತ್ರ ತಿಳಿಯುತ್ತಿರಲಿಲ್ಲ.

ಮುನಿಶಾಮಿ ಅಲ್ಲಿಗೆ ಹೋದದ್ದು ಗಡ್ಡ ಕೆರೆಯಲು. ನರಸಾಪುರದ ಕ್ಷೌರದ ಮನೆತನ; ಬೆಳಿಗ್ಗೆ ಕತ್ತಿ, ಮದುವೆ ಕಾಲದಲ್ಲಿ ನಾಗಸ್ವರ. ಸಾವಿರದೊಂಬೈನೂರ ಮೂವತ್ತನಾಲ್ಕರಲ್ಲಿ ದೊರೆಯ ಖಾಯಂ ಕ್ಷೌರಿಕ ಜ್ವರ ಬಂದು ಮಲಗಿದಾಗ ಅಡಿಗೆಯ ಹುಸೇನ್ ಸಾಬ್ ಇವನನ್ನು ಕರೆತಂದ. ಆರನೆಯ ದಿನ ನೊರೆ ಹಚ್ಚುತ್ತ ಮುನಿಶಾಮಿ ದೊರೆಯ ಬಲಗಿವಿಗೆ ಬಾಯಿಟ್ಟು ಕೂಗಿದ:

"ದೊರೆ, ನಿನ್ನೆ ಊದಿದೋನೇ ಇವತ್ತೂ ಊದ್ತಾವ್ನೆ. ಪ್ಲೇಟು ಬ್ಯಾರೆ, ಉಸುರು ಅದೇ."

ದೊರೆಗೆ ಗಣಿಯ ಕೂಲಿಗಳಿಂದ ಕಲಿತ ತೆಲುಗು, ಕನ್ನಡ ಎರಡೂ ಅಷ್ಟಿಷ್ಟು ತಿಳಿಯುತ್ತಿತ್ತು. ಪ್ಲೇಟಿನ ಲೇಬಲ್ ನೋಡಿದ. ಬೇರೆ ಕಂಪನಿ, ಬೇರೆ ಮೇಳ, ಬೇರೆ ಹೆಸರು. ನಕ್ಕು ಬಿಟ್ಟುಬಿಟ್ಟ. ಒಂದು ತಿಂಗಳ ಮೇಲೆ ಲಂಡನ್ನಿನ ಪತ್ರಿಕೆಯೊಂದು ಬಂತು. ಒಂದು ಕಂಪನಿಗೆ ಒಪ್ಪಂದ ಬರೆದುಕೊಟ್ಟ ಆಸಾಮಿಗಳು ಇನ್ನೊಂದು ಕಂಪನಿಗೆ ಸುಳ್ಳು ಹೆಸರಲ್ಲಿ ಊದುತ್ತಾರೆ ಎಂದು ಅದರಲ್ಲಿತ್ತು. ಕ್ಷೌರಿಕ ಹೇಳಿದ ಆ ಎರಡು ಪ್ಲೇಟಿನ ಹೆಸರೂ ಇತ್ತು. ಮಾರನೆಯ ದಿನದಿಂದ ಮುನಿಶಾಮಿಗೆ ತಿಂಗಳ ಸಂಬಳ, ಬಂಗಲೆಯ ಹಿಂದೆ ಕೋಣೆ.

ಒಂಬತ್ತು ವರ್ಷ ಅದೇ ಕೆಲಸ. ದಿನಕ್ಕೆ ಎಂಟು ಪ್ಲೇಟು. ಮುನಿಶಾಮಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುವುದು, ದೊರೆಯ ಕಿವಿಗೆ ಕೂಗುವುದು, ದೊರೆ ಪತ್ರಿಕೆಗಳನ್ನು ತಿರುವಿ ತಾಳೆ ನೋಡಿ ಕಾರ್ಡಿನ ಮೇಲೆ ಶಾಯಿಯಲ್ಲಿ ಬರೆಯುವುದು. ಊದುವವರ ನಿಜವಾದ ಹೆಸರು ಮುನಿಶಾಮಿಯ ನಾಲಿಗೆಗೆ ಹತ್ತಲಿಲ್ಲ; ದೊರೆ ಕಲಿಸಲೂ ಇಲ್ಲ. ಇವನು ತನಗೆ ತೋಚಿದ ಹೆಸರಿಟ್ಟುಕೊಂಡ. ಯಾವ ಅಡ್ಡಹೆಸರು ಯಾರದು ಎನ್ನುವುದು ದೊರೆಯ ತಲೆಯಲ್ಲಿತ್ತು. ಎರಡು ಸಾವಿರ ಪ್ಲೇಟಿಗೆ ಕಾರ್ಡಾಯಿತು. ಯುದ್ಧ ಬಂದು ಪತ್ರಿಕೆ ಬರುವುದು ನಿಂತ ಮೇಲೆ, ಆಮೇಲೆ ಶಾಯಿಯಲ್ಲಿ ಬರೆದರಾಯಿತೆಂದು ದೊರೆ ಊದುವವರ ಹೆಸರನ್ನು ಪ್ಲೇಟಿಗೊಂದರಂತೆ ಚೀಟಿಯಲ್ಲಿ ಗೀಚಿಡತೊಡಗಿದ. ಆ ‘ಆಮೇಲೆ’ ಬರಲೇ ಇಲ್ಲ.

ಮುನಿಶಾಮಿ ಇತ್ತ ತನ್ನದೆಲ್ಲ ಕಳೆದುಕೊಂಡಿದ್ದ. ನರಸಾಪುರದಲ್ಲಿ ಅವನ ಪಾಲಿನ ನಲವತ್ತು ಮನೆಯ ಕ್ಷೌರವನ್ನೂ ಮದುವೆಯ ಮೇಳವನ್ನೂ ತಮ್ಮ ಗಂಗುಲಪ್ಪನಿಗೆ ಬಿಟ್ಟುಕೊಟ್ಟಿದ್ದ. ಮುಂದಿನ ಎರಡು ಹಲ್ಲು ಬಿದ್ದು ನಾಗಸ್ವರ ತುಟಿಗೆ ನಿಲ್ಲುತ್ತಿರಲಿಲ್ಲ. "ನನ್ನ ಪ್ಲೇಟು ಎಲ್ಲಿಗೆ ಹೋಗ್ತದೆ, ನೀನೂ ಅಲ್ಲಿಗೆ ಹೋಗ್ಬೇಕು," ಎಂದು ದೊರೆ ಎಷ್ಟೋ ಸಲ ಹೇಳಿದ್ದ. ಬಾಯಲ್ಲಿ ಹೇಳಿದ್ದ. ವಿಲ್ಲಿನಲ್ಲಿ ಬರೆದದ್ದು, ಎಲ್ಲ ಮಾರಿ ಬಂದದ್ದನ್ನು ವಿಲಾಯಿತಿಯ ತಂಗಿಗೆ ಕಳಿಸಿ ಎಂದು.

ಹಾಗಾಗಿ ಮುನಿಶಾಮಿಗೆ ಉಳಿದ ಆಸೆ ಒಂದೇ. ಪ್ಲೇಟು ಕೊಳ್ಳುವವನು ತನ್ನನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು.

ಕೊಳ್ಳುವವನು ಏಪ್ರಿಲ್ ತಿಂಗಳಲ್ಲಿ ಬಂದ. ನರಸಿಂಹಪ್ಪ ಎಂದು ಹೆಸರು, ಬೆಂಗಳೂರು ದಂಡುಪ್ರದೇಶದ ಗ್ರಾಮಾಫೋನ್ ಅಂಗಡಿಯೊಂದರ ಏಜೆಂಟು. ಸರಿಗೆ ಅಂಚಿನ ಪಂಚೆ, ಮೇಲೆ ಕೋಟು, ಕೋಲಾರದ ಬಿಸಿಲಿಗೆ ಬೆವರುತ್ತಿದ್ದ ಮುಖ. ಕೆಟ್ಟವನಲ್ಲ. ಬಂದವನೇ ಕಾರ್ಡಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿ, "ಅಬ್ಬಾ, ದೊರೆ ಒಂದು ಗುಡಿ ಕಟ್ಟಿಟ್ಟಿದಾರೆ ಕಣ್ರೀ," ಎಂದ.

"ಕಟ್ಟಿದ್ದು ಒಬ್ರಲ್ಲ ಸಾಬ್, ಇಬ್ರು," ಎಂದ ಹುಸೇನ್ ಸಾಬ್, ಚಹಾ ಇಡುತ್ತ. "ಇಂವ ಕಿವಿ, ಅವ್ರು ಕೈ."

ನರಸಿಂಹಪ್ಪ ಮುನಿಶಾಮಿಯ ಕಡೆ ತಿರುಗಿದ. "ಇಂಗ್ಲಿಷ್ ಬರುತ್ತೇನಯ್ಯಾ?"

"ಇಲ್ಲ ಸ್ವಾಮಿ."

"ಮತ್ತೆ ಏನು ಬರುತ್ತೆ?"

"ಹಾಕಿ ನೋಡಿ. ಯೋಳ್ತೀನಿ."

ನರಸಿಂಹಪ್ಪ ತಮಾಷೆಗೆಂದು ಯಾವುದೋ ಡಬ್ಬದಿಂದ ಒಂದು ಪ್ಲೇಟು ಎಳೆದು, ಲೇಬಲ್ ಕಾಣದಂತೆ ಬೆನ್ನು ಅಡ್ಡ ಕೊಟ್ಟು ಹಾಕಿದ. ಮುಳ್ಳು ಕೆರೆಯಿತು. ತುತ್ತೂರಿ ಎದ್ದಿತು.

"ಮೂಗಪ್ಪ," ಎಂದ ಮುನಿಶಾಮಿ.

"ಯಾರು?"

"ಮೂಗಪ್ಪ ಸ್ವಾಮಿ. ಬಾಯಾಗೆ ಬಿಡ್ತಾ ಬಿಡ್ತಾನೇ ಮೂಗ್ನಾಗೆ ಉಸುರು ಎಳ್ಕೊಂತಾನೆ. ನಮ್ ನಾಗಸ್ವರದೋರು ಮಾಡ್ತಾರಲ್ಲ, ಹಂಗೆ. ಈಗ ಬರ್ತಾನೆ ನೋಡಿ ಕ್ಲಾರಿಯೊನೆಟ್ಟೋನು, ಅವ್ನು ಹೊಸ ಅಳಿಯ."

"ಅಳಿಯಾನಾ?"

"ಒಳಿಕ್ಕೆ ಬರೋವಾಗ ನಾಚ್ಕೊಂತಾನೆ. ಬಂದು ಕುಂತ ಮ್ಯಾಕೆ ಏಳಂಗೇ ಇಲ್ಲ."

ಕ್ಲಾರಿಯೊನೆಟ್ಟು ಮೆಲ್ಲಗೆ ಬಂತು. ಎದ್ದು ಹೋಗಲಿಲ್ಲ. ನರಸಿಂಹಪ್ಪ ಕೆಮ್ಮು ಬರುವ ತನಕ ನಕ್ಕ. ಹುಸೇನ್ ಸಾಬ್ ತಟ್ಟೆ ಹಿಡಿದುಕೊಂಡೇ ನಕ್ಕ. ಮುನಿಶಾಮಿಯೂ ಬಿದ್ದ ಹಲ್ಲನ್ನು ಮರೆತು ನಕ್ಕ. ನರಸಿಂಹಪ್ಪ ಎರಡನೆಯ ಪ್ಲೇಟು ಹಾಕಿದ. ಮೂಗಪ್ಪನೇ, ಆದರೆ ಬೇರೆ ಮೇಳದಲ್ಲಿ, ಬೇರೆ ಲೇಬಲ್ಲಿನ ಕೆಳಗೆ. ಕಾರ್ಡು ತೆಗೆದು ನೋಡಿದ. ಎರಡರಲ್ಲೂ ದೊರೆಯ ಶಾಯಿಯಲ್ಲಿ ಒಂದೇ ಹೆಸರು. ನರಸಿಂಹಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

"ಭೇಷ್. ನಿಜವಾಗ್ಲೂ ಭೇಷ್ ಕಣಯ್ಯಾ."

ಹೇಳಬೇಕಾದ್ದನ್ನು ಹೇಳುವ ಹೊತ್ತು ಇದೇ ಎಂದು ಮುನಿಶಾಮಿಗೆ ಅನ್ನಿಸಿತು. "ನನ್ನೂ ಕರ್ಕೊಂಡೋಗಿ ಸ್ವಾಮಿ. ಅಂಗಡಿ ಮೂಲ್ಯಾಗೆ ಬಿದ್ದಿರ್ತೀನಿ. ಎರಡು ಹೊತ್ತು ಹಿಟ್ಟು ಸಾಕು."

"ನಿನಗೆ ಅಲ್ಲೇನು ಕೆಲಸ ಇದೆಯಯ್ಯಾ ಇನ್ನು?" ಎಂದ ನರಸಿಂಹಪ್ಪ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ನೀನು ಕೇಳೋದು ಕೇಳಿ ಆಯ್ತು, ಅವರು ಬರೆಯೋದು ಬರೆದೂ ಆಯ್ತು. ಕಾರ್ಡಿದೆ, ಓದಿ ಮಾರಿದರಾಯ್ತು. ಬಾವಿ ತೋಡಿದೋನನ್ನ ನೀರು ಸೇದೋವಾಗೆಲ್ಲ ಕರೀತಾರಾ?"

ಆ ಮಾತು ಸುಳ್ಳಾಗಿರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಮುಗಿದಿತ್ತು. ಮುನಿಶಾಮಿ ಹೆಂಡತಿಯ ಜೊತೆ ಅಭ್ಯಾಸ ಮಾಡಿದ ಮಾತನ್ನು ಹೊರಗೆ ಹಾಕಿದ.

"ಎಲ್ಲಾ ಆಗಿಲ್ಲ ಸ್ವಾಮಿ. ಆ ಗೋಡೆ ತಾವ ಇರೋ ನೂರ ಎಪ್ಪತ್ತಕ್ಕೆ ಕಾರ್ಡಿಲ್ಲ."

"ಚೀಟಿ ಗೀಟಿ?"

"ಇಲ್ಲ."

"ಏನೂ ಬರೆದಿಟ್ಟಿಲ್ವಾ?"

"ಏನೂ ಇಲ್ಲ. ಅವು ಯಾರ್ದು ಅಂತ ನನಗೊಬ್ಬನಿಗೇ ಗೊತ್ತು."

ನರಸಿಂಹಪ್ಪ ಗೋಡೆಯ ಹತ್ತಿರ ಹೋಗಿ ನಾಲ್ಕು ಪ್ಲೇಟು ಎತ್ತಿ ಲೇಬಲ್ ಓದಿದ. ಯಾರೂ ಕೇಳಿರದ ಮೇಳಗಳ ಹೆಸರು. "ಸರಿ, ಇದು ಯಾರದು ಹೇಳು."

ಮುನಿಶಾಮಿ ಪ್ಲೇಟಿನಲ್ಲಿ ಲೇಬಲ್ ಪಕ್ಕ ಕೊರೆದ ನಂಬರು ನೋಡಿದ. "ಮೂಗಪ್ಪಂದು."

"ಅಂಗಡಿಗೆ ಬರೋ ಗೋರಾ ಸೋಲ್ಜರು, ಮೂಗಪ್ಪನ ಪ್ಲೇಟು ಕೊಡಿ ಅಂತಾನೇನಯ್ಯಾ? ದೊರೆ ಬರಹ ಇಲ್ದೆ ನಿನ್ನ ಬಾಯಿಮಾತನ್ನ ಯಾರು ನಂಬ್ತಾರೆ?" ನರಸಿಂಹಪ್ಪನ ಮುಖ ಸಡಿಲವಾಯಿತು, ಏನೋ ಒಂದು ತೊಡಕು ತಾನಾಗಿ ಬಿಚ್ಚಿಕೊಂಡಂತೆ ನಿಟ್ಟುಸಿರಿಟ್ಟ. "ಒಳ್ಳೇದೇ ಆಯ್ತು ಬಿಡು. ಯಾವುದನ್ನ ಅರಗಿಗೆ ಹಾಕೋದು ಅಂತ ದಾರೀಲೆಲ್ಲ ಯೋಚನೆ ಮಾಡ್ಕೊಂಡು ಬಂದೆ."

"ಅರಗಿಗಾ?"

"ಪ್ಲೇಟು ಮಾಡೋದೇ ಅರಗಲ್ಲಲ್ವೇನಯ್ಯಾ. ಶ್ರೀನಿವಾಸಪುರದ ಕಡೆ ಜಾಲಾರಿ ಮರದಲ್ಲಿ ಕೆರೀತಾರಲ್ಲ, ಅದೇ. ಈಗ ಅದೆಲ್ಲ ಯುದ್ಧಕ್ಕೆ ಹೋಗ್ತಿದೆ. ಹೊಸ ಪ್ಲೇಟು ಬೇಕು ಅಂದ್ರೆ ಅಂಗಡಿಯೋರು ಹಳೇದು ಕೊಡ್ಬೇಕು. ಇವನ್ನ ಒಡೆದು ಗೋಣಿಗೆ ತುಂಬಿಬಿಡು. ಇಡೀ ಪ್ಲೇಟಿಗೆ ಪೆಟ್ಟಿಗೆ ಬೇಕು, ಬಸ್ಸಲ್ಲಿ ಅಷ್ಟು ಜಾಗ ಇಲ್ಲ. ಮೂರು ಗಂಟೆಗೆ ಇದ್ದಿಲಲ್ಲಿ ಓಡೋ ಬಸ್ಸು."

ಮುನಿಶಾಮಿ ಹಿತ್ತಲ ಕಡೆ ನೋಡಿದ. ಚೀಟಿಗಳು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು. ಹೋಗಿ ತಂದರೆ ನೂರ ಎಪ್ಪತ್ತೂ ಉಳಿಯುತ್ತಿದ್ದವು. ಆದರೆ ಈಗತಾನೆ ಏನೂ ಇಲ್ಲ ಎಂದಿದ್ದ, ಎರಡು ಸಲ. ವಿಲ್ಲು ನೋಡಿಕೊಳ್ಳುವ ವಕೀಲರ ಗುಮಾಸ್ತ ಬಂಗಲೆಯ ಸಾಮಾನನ್ನೆಲ್ಲ ಪಟ್ಟಿ ಮಾಡಿಕೊಂಡು ಹೋಗಿದ್ದ. ಒಂದು ಚಮಚ ಕಡಿಮೆ ಬಂತೆಂದು ಹಿಂದಿನ ವಾರ ತೋಟದ ಮಾಲಿಯನ್ನು ಠಾಣೆಗೆ ಎಳೆದೊಯ್ದಿದ್ದರು. ಅವನು ಇನ್ನೂ ನೆಟ್ಟಗೆ ಕೂರಲಾರ. ಚಮಚ ಆಮೇಲೆ ಅಡಿಗೆ ಮನೆಯಲ್ಲೇ ಸಿಕ್ಕಿತು.

"ಸ್ವಾಮಿ, ಅದ್ರಾಗೆ ಮೂಗಪ್ಪಂದು ಹನ್ನೊಂದವೆ," ಎಂದ.

"ಕಾರ್ಡಿರೋದ್ರಲ್ಲಿ ಎಷ್ಟಿದೆ?"

"ಅರವತ್ತು."

"ಸಾಕಲ್ಲ ಮತ್ತೆ."

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಮುನಿಶಾಮಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲನೆಯದನ್ನು ಮೆಲ್ಲಗೆ ಬಡಿದ, ಒಡೆಯಲಿಲ್ಲ. ಜೋರಾಗಿ ಬಡಿದ; ಹಪ್ಪಳದ ಹಾಗೆ ನಾಲ್ಕು ಚೂರಾಯಿತು. ಲೇಬಲ್ಲಿನ ಕಾಗದ ಚೂರುಗಳನ್ನು ಹಿಡಿದುಕೊಂಡು ಜೋತಾಡಿತು. ಅದನ್ನು ಹರಿದು ತುಂಬಬೇಕಾಯಿತು. ಕೈ ಬೇಗ ಕೆಲಸ ಕಲಿಯಿತು. ಪ್ಲೇಟಿನ ನಡುವನ್ನು ಕಲ್ಲಿನ ಮೂಲೆಗೆ ಕೊಟ್ಟು ಎರಡೂ ಕೈಯಲ್ಲಿ ಅದುಮಿದರೆ ಒಂದೇ ಸಲಕ್ಕೆ ಮುರಿಯುತ್ತಿತ್ತು.

ಮುನಿಗಂಗಮ್ಮ ಕೋಣೆಯ ಬಾಗಿಲಿಗೆ ಬಂದಳು. ಏನಾಗುತ್ತಿದೆ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಒಳಗೆ ಹೋಗಿ ಸೆರಗಿನಡಿ ಏನೋ ಹಿಡಿದುಕೊಂಡು ಬಂದು, ಗಂಡನ ಕಡೆ ಗಲ್ಲ ಎತ್ತಿ ಕೇಳಿದಳು. ಜಗಲಿಯ ಮೇಲೆ ನರಸಿಂಹಪ್ಪ ಡ್ರಾಯರಿಗೆ ಹಗ್ಗ ಬಿಗಿಸುತ್ತಿದ್ದ. ಮುನಿಶಾಮಿ ತಲೆ ಅಲ್ಲಾಡಿಸಿದ. ಅವಳು ಅಲ್ಲೇ ನಿಂತಳು. ಅವನು ಇನ್ನೊಂದು ಸಲ ತಲೆ ಅಲ್ಲಾಡಿಸಿ, ಅವಳನ್ನೇ ನೋಡುತ್ತ, ಮೂಗಪ್ಪನ ಮೂರನೆಯದನ್ನು ಮುರಿದ. ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಎರಡೂವರೆಗೆ ಮೂರು ಗೋಣಿ ತುಂಬಿದವು. ಕಾರ್ಡಿದ್ದ ಎರಡು ಸಾವಿರ ಪ್ಲೇಟು ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ಭದ್ರವಾಗಿ ಎತ್ತಿನ ಗಾಡಿ ಹತ್ತಿದವು. ನರಸಿಂಹಪ್ಪ ಮುನಿಶಾಮಿಯ ಕೈಗೆ ಒಂದು ರೂಪಾಯಿ ಇಟ್ಟು, "ಒಳ್ಳೇ ಕಿವಿ ಕಣಯ್ಯಾ ನಿನ್ನದು, ಜೋಪಾನ," ಎಂದು ಗಾಡಿಯ ಹಿಂದೆ ನಡೆದ.

ಹುಸೇನ್ ಸಾಬನಿಗೂ ಅಂದೇ ಲೆಕ್ಕ ತೀರಿತ್ತು. ಮುಳಬಾಗಿಲಿನ ಮಗಳು ತಾಜುನ್ನೀಸಾಳ ಮನೆಗೆ ಹೊರಡಲು ಗಂಟು ಕಟ್ಟಿದ್ದ. ಹಿತ್ತಲಿಗೆ ಬಂದು, ಕಪ್ಪು ಪುಡಿ ಗುಡಿಸುತ್ತಿದ್ದ ಮುನಿಶಾಮಿಯ ಪಕ್ಕ, ಅದೇ ಕಲ್ಲಿನ ಮೇಲೆ ಕೂತ.

"ಗಡ್ಡ ತೆಗೀತೀಯೇನೋ? ಅಳಿಯನ ಮುಂದೆ ಹಿಂಗೇ ಹೋಗಿ ನಿಲ್ಲಾಕಾಗಲ್ಲ."

ಮುನಿಶಾಮಿ ಒಳಗಿಂದ ಕತ್ತಿ, ನೀರು ತಂದ. ಬೆರಳುಗಳಲ್ಲಿ ಅಲ್ಲಲ್ಲಿ ಪ್ಲೇಟಿನ ಚೂರು ಕೊಯ್ದಿತ್ತು. ಸಾಬೂನು ತಾಗಿ ಉರಿಯಿತು.

"ನರಸಾಪುರಕ್ಕೇ ಹೋಗ್ತೀಯಾ?"

"ಗಂಗುಲಪ್ಪನ ಕೇಳ್ದೆ. ಅವನ ಮಕ್ಕಳು ದೊಡ್ಡೋರಾಗವ್ರೆ. ಒಂದು ಮನೇನೂ ಬಿಟ್ಕೊಡಾಕಾಗಲ್ಲ ಅಂದ."

"ಮೇಳ?"

"ಬಾಯಾಗೆ ಹಲ್ಲೆಲ್ಲೈತೆ?"

"ಮತ್ತೆ ಎಲ್ಲಿಗೆ ಹೋಗ್ತೀಯೋ? ನಾಳಿದ್ದು ಕೋಣೆ ಖಾಲಿ ಮಾಡ್ಬೇಕಲ್ಲ?"

ಮುನಿಶಾಮಿ ಮುದುಕನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ.

"ಮಾತಾಡ್ಬ್ಯಾಡಿ ಸಾಬ್ರೇ," ಎಂದ. "ಕುಯ್ದೋಗ್ತದೆ."