ತಿಮ್ಮಯ್ಯ ಶಿವಮೂರ್ತಿಯಾದ ತೊಮೊಯೆ ಶಿಗೆಮೊರಿ

ತೊಮೊಯೆ ಶಿಗೆಮೊರಿ ಜಪಾನಿನ ಎರಡನೇ ದರ್ಜೆಯ ಮಹಿಳಾ ಫುಟ್‌ಬಾಲ್ ಲೀಗಿನಲ್ಲಿ ಹನ್ನೊಂದು ವರ್ಷ ಡಿಫೆಂಡರ್ ಆಗಿದ್ದವಳು. ಹಗಲು ರೇಷ್ಮೆ ಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಲಸ, ಸಂಜೆ ಅದೇ ಕಂಪನಿಯ ತಂಡದಲ್ಲಿ ಆಟ. ಮೂವತ್ನಾಲ್ಕಕ್ಕೆ ಬಲಮಂಡಿಗೆ ಎರಡನೇ ಆಪರೇಷನ್ ಆಯಿತು. ಅದೇ ತಿಂಗಳು ಕಂಪನಿ ತಂಡವನ್ನೇ ಮುಚ್ಚಿತು. ಕೆಲಸ ಮಾತ್ರ ಉಳಿಯಿತು. ಶಿಡ್ಲಘಟ್ಟದ ಮುನಿವೆಂಕಟಪ್ಪ ಗೂಡಿನಿಂದ ನೂಲು ತೆಗೆಯುವ ಹೊಸ ಯಂತ್ರ ಕೊಂಡಿದ್ದರು. ಅದನ್ನು ಜೋಡಿಸಿ ವರ್ಷವಿಡೀ ನೋಡಿಕೊಳ್ಳಲು ಕಂಪನಿ ಅವಳನ್ನು ಕಳಿಸಿತು. ಸ್ಪ್ಯಾನರುಗಳ ಜೊತೆ ಆಟದ ಬೂಟುಗಳೂ ಬಂದವು.

ಮುನಿವೆಂಕಟಪ್ಪನವರ ಹೆಂಡತಿ ಶ್ಯಾಮಲಮ್ಮ ಮಹಡಿಯ ಕೋಣೆ ಬಿಟ್ಟುಕೊಟ್ಟು, ಆರು ತಿಂಗಳಲ್ಲಿ ಅವಳಿಗೆ ಮುದ್ದೆ ನುಂಗುವುದನ್ನೂ ಕನ್ನಡವನ್ನೂ ಕಲಿಸಿದರು. ಸಂಜೆ ಹೊತ್ತು ಅವಳು ಶೆಡ್ಡಿನ ಗೋಡೆಗೆ ಚೆಂಡು ಒದೆಯುವುದನ್ನು ಕಂಡು ತಾಲ್ಲೂಕು ಮಹಿಳಾ ತಂಡದ ಕೋಚ್ ಮೋಹನ್‌ಬಾಬು ಗೇಟು ತಳ್ಳಿಕೊಂಡೇ ಬಂದ.

"ಮೇಡಂ, ನಮ್ಮಲ್ಲಿ ಹತ್ತೇ ಜನ. ನೀವ್ ಬಂದ್ರೆ ಜಿಲ್ಲಾ ಟೂರ್ನಮೆಂಟಿಗೆ ಹೋಗ್ತೀವಿ. ಈ ತಾಲ್ಲೂಕಲ್ಲಿ ವಾಸ ಇದೀರಿ ಅಂತ ಒಂದು ಸರ್ಟಿಫಿಕೇಟ್ ಬೇಕು, ಅಷ್ಟೇ."

ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ ಇಪ್ಪತ್ತು ದಿನಕ್ಕೆ ಪತ್ರ ಬಂತು. ಹೆಸರು, ತಿಮ್ಮಯ್ಯ ಶಿವಮೂರ್ತಿ. ಲಿಂಗ, ಗಂಡು. ವಯಸ್ಸು, ಅರವತ್ನಾಲ್ಕು. ತಿದ್ದಿಸಲು ಹೋದರೆ ಎರಡು ತಿಂಗಳು ಅಂದರು. ಟೂರ್ನಮೆಂಟು ನಾಳಿದ್ದು.

ಚಿಕ್ಕಬಳ್ಳಾಪುರದ ಮೈದಾನದಲ್ಲಿ ಗೌರಿಬಿದನೂರು ತಂಡದ ಮ್ಯಾನೇಜರ್ ಶೋಭಾರಾಣಿ ಆ ಪತ್ರವನ್ನು ಬಿಸಿಲಿಗೆ ಹಿಡಿದು ಓದಿದರು.

"ಗಂಡಸ್ರನ್ನ ಆಡ್ಸಂಗಿಲ್ಲ."

"ನಿಮ್ಮೆದುರೇ ನಿಂತವ್ರಲ್ಲ ಮೇಡಂ, ನೋಡಿ!" ಅಂದ ಮೋಹನ್‌ಬಾಬು.

"ನೋಡ್ತಾನೇ ಇದೀನಪ್ಪ. ಆದ್ರೆ ಪೇಪರ್ ಪೇಪರೇ."

ಪಂದ್ಯದ ವ್ಯವಸ್ಥಾಪಕ ರಮೇಶ್‌ಬಾಬುಗೆ ಪರದೇಶದವಳನ್ನು ಆಡಿಸದೆ ಕಳಿಸಲು ಮನಸ್ಸಾಗಲಿಲ್ಲ. ತುಂಬಾ ಹೊತ್ತು ಯೋಚಿಸಿ ಹೇಳಿದ: "ಪಕ್ಕದ ಮೈದಾನದಲ್ಲಿ ಅರವತ್ತು ದಾಟಿದ ಗಂಡಸರ ಮ್ಯಾಚಿದೆ. ಅಲ್ಲಿ ತಾಲ್ಲೂಕು ಗೀಲ್ಲೂಕು ಕೇಳಲ್ಲ. ಚಿಂತಾಮಣಿ ಪೆನ್ಷನ್‌ದಾರರ ತಂಡಕ್ಕೆ ಒಬ್ರು ಕಮ್ಮಿ. ಇವ್ರ ಪೇಪರು ಅಲ್ಲಿಗೆ ಪಕ್ಕಾ ಆಗ್ತದೆ."

ಆ ತಂಡದ ನಾಯಕ ನಿವೃತ್ತ ಹೆಡ್‌ಮಾಸ್ತರ್ ಮುನಿನಾರಾಯಣಪ್ಪ, ಎಪ್ಪತ್ತೊಂದು ವರ್ಷದವರು. ಪತ್ರ ಓದಿದರು, ಅವಳನ್ನು ನೋಡಿದರು, ಪತ್ರ ಮಡಿಸಿ ಜೇಬಿಗಿಟ್ಟರು.

"ಬಾಪ್ಪ ತಿಮ್ಮಯ್ಯ. ನಿಂಗೆ ಯಾವ ಮಂಡಿ ನೋವು?"

"ಬಲಗಡೆ."

"ನಂದು ಎಡಗಡೆ. ಜೋಡಿ ಸರಿಹೋಯ್ತು."

ಆಟ ಶುರುವಾಯಿತು. ಎದುರಾಳಿಯ ಒಬ್ಬ ನಿವೃತ್ತ ಬಸ್ ಡ್ರೈವರು ಚೆಂಡು ತಂದಾಗ, ತೊಮೊಯೆ ಅಭ್ಯಾಸಬಲದಿಂದ ನೆಲಕ್ಕೆ ಜಾರಿ ಕಾಲು ಚಾಚಿದಳು. ಚೆಂಡು ಹೋಯಿತು, ಡ್ರೈವರೂ ಉರುಳಿದರು. ಅವಳು ಎದ್ದು ಅವರ ಪಕ್ಕ ನಿಂತಳು.

"ಏಯ್ ತಿಮ್ಮಯ್ಯ, ನಿಂತು ನೋಡ್ತೀಯೇನಯ್ಯ, ಎತ್ತು ಮೇಲಕ್ಕೆ!" ಎಂದರು ಅವರು ಮಲಗಿದಲ್ಲಿಂದಲೇ.

ಎತ್ತಿದಳು. ಅಷ್ಟು ಹೊತ್ತೂ ಚೆಂಡು ಮೈದಾನದ ನಡುವೆ ಒಂಟಿಯಾಗಿ ಬಿದ್ದಿತ್ತು. ಅವರು ಪಂಚೆ ಕಟ್ಟಿಕೊಳ್ಳುವವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಜಪಾನಿನಲ್ಲಿ ಇಂಥ ಒಂದು ತಪ್ಪಿಗೆ ವಾರವಿಡೀ ಬೈಸಿಕೊಂಡವಳಿಗೆ, ಆಟದ ನಡುವಿನ ವಿರಾಮದಲ್ಲಿ ಅದೇ ಡ್ರೈವರು ಬಂದು ಬೊಗಸೆ ತುಂಬ ಬೇಯಿಸಿದ ಕಡಲೆಕಾಯಿ ಕೊಟ್ಟರು. ಆಟದಲ್ಲಿ ನಗಬಹುದು ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಚಿಂತಾಮಣಿ ಗೆದ್ದಿತು. ಮರುದಿನ ಪತ್ರಿಕೆಯಲ್ಲಿ ತಂಡದವರ ನಡುವೆ ಅವಳು ಶಾಲು ಹೊದ್ದ ಚಿತ್ರ, ಕೆಳಗೆ "ಅರವತ್ನಾಲ್ಕರಲ್ಲೂ ಕುಗ್ಗದ ತಿಮ್ಮಯ್ಯ". ಅದನ್ನು ತಾಯಿಗೆ ಕಳಿಸಿದಳು. ತಾಯಿ ಉತ್ತರಿಸಿದರು: "ನೀನು ನಗುತ್ತಿದ್ದೀಯ. ಆ ಮುದುಕರು ಯಾರು?"

ಅಲ್ಲಿಂದ ಪ್ರತಿ ಭಾನುವಾರ ಅವಳು ಚಿಂತಾಮಣಿಯ ಬಸ್ಸು ಹತ್ತತೊಡಗಿದಳು. ಎರಡು ತಿಂಗಳಾದ ಮೇಲೆ ತಿದ್ದಿದ ಪತ್ರ ಬಂತು. ಹೆಸರು ಸರಿ, ಹೆಣ್ಣು, ಮೂವತ್ನಾಲ್ಕು. ಮೋಹನ್‌ಬಾಬು ಅದನ್ನು ಹಿಡಿದುಕೊಂಡು ಚಿಂತಾಮಣಿಗೇ ಬಂದ.

"ಇನ್ನೇನು ಮೇಡಂ, ನಮ್ ಹುಡ್ಗೀರ ಜೊತೆ ಆಡ್ಬೋದು!"

ಮುನಿನಾರಾಯಣಪ್ಪ ಮುಖ ತಿರುಗಿಸಿ ಬೂಟಿನ ದಾರ ಕಟ್ಟಿಕೊಂಡರು. ದಾರ ಆಗಲೇ ಕಟ್ಟಿತ್ತು.

ತೊಮೊಯೆ ಪತ್ರವನ್ನು ಎರಡು ಸಲ ಓದಿದಳು. "ಹುಡುಗೀರಿಗೆ ದಿನಾ ಸಂಜೆ ಹೇಳಿಕೊಡ್ತೀನಿ. ಅವರ ಜೊತೆ ಓಡಕ್ಕೆ ನನ್ ಮಂಡಿ ಬಿಡಲ್ಲ. ಭಾನುವಾರ ನಾನು ತಿಮ್ಮಯ್ಯ."

"ಪೇಪರಲ್ಲಿ ಹೆಣ್ಣು ಅಂತೈತಲ್ಲ ಮೇಡಂ!"

"ನಮ್ಮಲ್ಲಿ ಪೇಪರ್ ಓದೋರು ಯಾರಪ್ಪ?" ಎಂದರು ಮುನಿನಾರಾಯಣಪ್ಪ. "ಎಲ್ರೂ ಕನ್ನಡಕ ಮನೇಲಿಟ್ಟು ಬರ್ತೀವಿ."

ಆ ಭಾನುವಾರ ಚಿಂತಾಮಣಿ ಕೆಟ್ಟದಾಗಿ ಸೋತಿತು. ತೊಮೊಯೆ ತನ್ನ ದೇಶದ ರೂಢಿಯಂತೆ ನೋಡುಗರ ಮುಂದೆ ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಅವಳನ್ನು ಕಂಡು ತಂಡದ ಉಳಿದ ಹತ್ತೂ ಜನ ಪಕ್ಕದಲ್ಲಿ ಸಾಲಾಗಿ ನಿಂತು ಬಗ್ಗಿದರು. ಅವರಲ್ಲಿ ಮೂವರಿಗೆ ಮತ್ತೆ ಮೇಲೇಳಲು ಆಗಲಿಲ್ಲ. ಅವಳು ಒಬ್ಬೊಬ್ಬರನ್ನೇ ಕಂಕುಳಿಗೆ ಕೈಕೊಟ್ಟು ನೆಟ್ಟಗೆ ನಿಲ್ಲಿಸಿದಳು.